ಗಂಟುನೋವು: ಕೆಲಸ ಬಿಡುವುದಲ್ಲ, ಕೆಲಸದ ಕ್ರಮ ಬದಲಿಸುವುದು

ಮಳೆಗಾಲ ಬಂತೆಂದರೆ ನಮ್ಮ ತೋಟದ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: "ಈ ಸಲ ಮೊಣಗಂಟು ಬಿಡುವುದಿಲ್ಲ." ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಕಾಲು ಮರಗಟ್ಟಿದಂತಿರುತ್ತದೆ. ಹಟ್ಟಿಯಲ್ಲಿ ಹಾಲು ಕರೆಯಲು ಕುಕ್ಕರುಗಾಲಲ್ಲಿ ಕುಳಿತವರಿಗೆ ಎದ್ದೇಳಲು ಕಂಬ ಬೇಕು. ತೋಟದಿಂದ ಮನೆಗೆ ಹತ್ತುವ ಮುರಕಲ್ಲಿನ ಮೆಟ್ಟಿಲು ವರ್ಷದಿಂದ ವರ್ಷಕ್ಕೆ ಎತ್ತರವಾದಂತೆ ತೋರುತ್ತದೆ.

ಇದಕ್ಕೆ ನಮ್ಮಲ್ಲಿ ಎರಡು ಉತ್ತರಗಳು ರೂಢಿಯಲ್ಲಿವೆ. ಒಂದು, "ವಯಸ್ಸಾಯಿತಲ್ಲ, ಇನ್ನು ಸುಮ್ಮನೆ ಕುಳಿತುಕೊಳ್ಳಿ" ಎಂಬ ಬುದ್ಧಿಮಾತು. ಇನ್ನೊಂದು, ಪೇಟೆಗೆ ಹೋದವರ ಕೈಯಲ್ಲಿ ನೋವಿನ ಮಾತ್ರೆ ತರಿಸಿ ನುಂಗಿ, ನೋವು ಅಡಗಿದ ಕೂಡಲೇ ಹಿಂದಿನಂತೆಯೇ ದುಡಿಯುವುದು. ಮೊದಲನೆಯದು ಗಂಟನ್ನು ಇನ್ನಷ್ಟು ದುರ್ಬಲಗೊಳಿಸುತ್ತದೆ. ಎರಡನೆಯದು ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಕೆಡಿಸಬಹುದು. ಇವೆರಡರ ನಡುವೆ ಒಂದು ದಾರಿ ಇದೆ. ಕೆಲಸವನ್ನು ಬಿಡದೆ, ಕೆಲಸ ಮಾಡುವ ಕ್ರಮವನ್ನು ಬದಲಿಸಿ, ಗಂಟಿನ ಸುತ್ತಲಿನ ಸ್ನಾಯುಗಳನ್ನು ಬಲಪಡಿಸಿಕೊಳ್ಳುವ ದಾರಿ ಅದು. ಈ ಸಂಚಿಕೆಯಲ್ಲಿ ಅದನ್ನೇ ತಿಳಿದುಕೊಳ್ಳೋಣ.

ಗಂಟಿನೊಳಗೆ ಆಗುವುದೇನು?

ಎರಡು ಎಲುಬುಗಳು ಸೇರುವ ಜಾಗವೇ ಗಂಟು ಅಥವಾ ಕೀಲು. ಎಲುಬಿಗೆ ಎಲುಬು ಉಜ್ಜದಂತೆ ಅವುಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇದೆ. ನಡುವೆ ಲೋಳೆಯಂಥ ಒಂದು ದ್ರವವಿದೆ. ಬಂಡಿಯ ಅಚ್ಚಿಗೆ ಕೀಲೆಣ್ಣೆ ಇದ್ದಂತೆ ಎನ್ನಬಹುದು. ಈ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕಾಲು ಮಡಿಸಿ ಬಿಡಿಸುವಾಗ, ನಡೆಯುವಾಗ, ಅದು ಒತ್ತಲ್ಪಟ್ಟು ಮತ್ತೆ ಸಡಿಲಗೊಳ್ಳುತ್ತದೆ. ಆಗ ಸುತ್ತಲಿನ ದ್ರವದಿಂದಲೇ ಅದು ತನ್ನ ಆಹಾರವನ್ನು ಹೀರಿಕೊಳ್ಳುತ್ತದೆ. ಆದುದರಿಂದ ಚಲನೆಯೇ ಗಂಟಿನ ಊಟ. ಪೂರ್ತಿ ವಿಶ್ರಾಂತಿ ಎಂದು ತಿಂಗಳುಗಟ್ಟಲೆ ಕುಳಿತರೆ ತೊಡೆಯ ಸ್ನಾಯು ಕರಗುತ್ತದೆ, ಗಂಟು ಬಿಗಿಯುತ್ತದೆ, ನೋವು ಹೆಚ್ಚುತ್ತದೆ.

ವಯಸ್ಸು, ಹೆಚ್ಚಿದ ದೇಹದ ತೂಕ, ಹಳೆಯ ಪೆಟ್ಟು, ವರ್ಷಗಟ್ಟಲೆ ಕುಕ್ಕರುಗಾಲಲ್ಲಿ ಕುಳಿತು ಅಥವಾ ಭಾರ ಹೊತ್ತು ಮಾಡಿದ ದುಡಿಮೆ, ವಂಶಗುಣ – ಇವೆಲ್ಲ ಸೇರಿ ಮೃದ್ವಸ್ಥಿ ಸವೆಯುತ್ತದೆ. ಇದೇ ಸವೆತದ ಗಂಟುನೋವು. ಮಳೆ ಮತ್ತು ಚಳಿಗೆ ನೋವು ಹೆಚ್ಚಿದಂತೆ ಅನೇಕರಿಗೆ ಅನಿಸುವುದುಂಟು. ಆದರೆ ಮಳೆಯಿಂದ ಗಂಟು ಸವೆಯುವುದಿಲ್ಲ. ಮಳೆಗಾಲದಲ್ಲಿ ಮನೆಯೊಳಗೆ ಕುಳಿತು ನಡಿಗೆ ಕಡಿಮೆಯಾಗುವುದೂ ನೋವು ಹೆಚ್ಚಲು ಒಂದು ಕಾರಣ.

ಎಲ್ಲ ಗಂಟುನೋವೂ ಒಂದೇ ಅಲ್ಲ

ನೆರೆಮನೆಯವರಿಗೆ ಗುಣವಾದ ಮದ್ದು ನಮಗೂ ಆಗುತ್ತದೆ ಎಂದು ತಿಳಿಯುವುದು ದೊಡ್ಡ ತಪ್ಪು. ಏಕೆಂದರೆ ನೋವಿನ ಹೆಸರು ಒಂದೇ ಆದರೂ ರೋಗ ಬೇರೆ ಬೇರೆ.

ಸವೆತದ ನೋವು: ಇದು ಮೊಣಗಂಟು, ಸೊಂಟದ ಕೀಲು, ಹೆಬ್ಬೆರಳಿನ ಬುಡ ಮತ್ತು ಬೆರಳ ತುದಿಯ ಗಂಟುಗಳಲ್ಲಿ ಹೆಚ್ಚು. ಕೆಲಸ ಮಾಡಿದಾಗ ನೋವು ಏರುತ್ತದೆ, ವಿಶ್ರಾಂತಿಯಲ್ಲಿ ಇಳಿಯುತ್ತದೆ. ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ.

ಸಂಧಿವಾತ: ಡಾಕ್ಟರರು ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಕರೆಯುವ ರೋಗವಿದು. ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಮೂವತ್ತು, ನಲ್ವತ್ತರ ಪ್ರಾಯದಲ್ಲೂ ಬರಬಹುದು. ಎರಡೂ ಕೈಗಳ ಮಣಿಕಟ್ಟು ಮತ್ತು ಬೆರಳ ಬುಡದ ಗಂಟುಗಳು ಊದಿಕೊಳ್ಳುತ್ತವೆ. ಬೆಳಗಿನ ಬಿಗಿತ ಒಂದು ಗಂಟೆ ಕಳೆದರೂ ಬಿಡುವುದಿಲ್ಲ. ಮೈಯೆಲ್ಲ ಸುಸ್ತು. ಇಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ತನ್ನ ಗಂಟುಗಳ ಮೇಲೆ ಬೀಳುತ್ತದೆ. ಆರಂಭದ ಕೆಲವು ತಿಂಗಳುಗಳಲ್ಲಿಯೇ ಸರಿಯಾದ ಚಿಕಿತ್ಸೆ ಸಿಕ್ಕಿದರೆ ಬೆರಳುಗಳು ಸೊಟ್ಟಗಾಗುವುದನ್ನು ಬಹುಮಟ್ಟಿಗೆ ತಡೆಯಬಹುದು. ಎಣ್ಣೆ ತಿಕ್ಕುತ್ತ, ನೋವಿನ ಮಾತ್ರೆ ನುಂಗುತ್ತ ಎರಡು ವರ್ಷ ಕಳೆದರೆ, ಆಗಲೇ ಆದ ಹಾನಿಯನ್ನು ಸರಿಪಡಿಸುವುದು ಕಷ್ಟ.

ಗೌಟ್: ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ ಅದರ ಹರಳುಗಳು ಗಂಟಿನಲ್ಲಿ ಕೂಡಿಕೊಳ್ಳುವುದರಿಂದ ಬರುತ್ತದೆ. ಹೆಚ್ಚಾಗಿ ರಾತ್ರಿ ಹೊತ್ತು, ಕಾಲಿನ ಹೆಬ್ಬೆರಳಿನ ಬುಡ ಒಮ್ಮೆಲೇ ಕೆಂಪಾಗಿ ಊದಿ, ಹೊದಿಕೆ ತಾಗಿದರೂ ತಡೆಯಲಾರದಷ್ಟು ನೋವು. ಮದ್ಯಪಾನ, ಅದರಲ್ಲೂ ಬಿಯರ್, ಇದನ್ನು ಕೆರಳಿಸುತ್ತದೆ.

ಚಿಕುನ್‌ಗುನ್ಯಾ: ಈ ಜ್ವರವನ್ನು ಮೊದಲು ಗುರುತಿಸಿದ್ದು 1952ರಲ್ಲಿ, ಆಫ್ರಿಕಾದ ಇಂದಿನ ಟಾಂಜಾನಿಯಾದಲ್ಲಿ. ಅಲ್ಲಿನ ಮಾಕೊಂಡೆ ಭಾಷೆಯಲ್ಲಿ ಈ ಹೆಸರಿಗೆ 'ಬಗ್ಗಿಹೋಗುವುದು' ಎಂಬ ಅರ್ಥ. ನೋವಿನಿಂದ ಬೆನ್ನು ಬಾಗಿಸಿ ನಡೆಯುವ ರೋಗಿಯನ್ನು ನೋಡಿ ಇಟ್ಟ ಹೆಸರು. 2006ರಲ್ಲಿ ನಮ್ಮ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಹರಡಿದ ಈ ರೋಗ, 2007ರಲ್ಲಿ ಕೋಟ್ಟಯಂ, ಪತ್ತನಂತಿಟ್ಟ ಮುಂತಾದ ರಬ್ಬರ್ ಬೆಳೆಯುವ ಜಿಲ್ಲೆಗಳನ್ನು ತೀವ್ರವಾಗಿ ಕಾಡಿತು. ಜ್ವರ ಒಂದು ವಾರದಲ್ಲಿ ಬಿಟ್ಟರೂ ಗಂಟುನೋವು ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಗಲು ಕಚ್ಚುವ ಈಡಿಸ್ ಸೊಳ್ಳೆ ಇದನ್ನು ಹರಡುತ್ತದೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಕೊಕ್ಕೋ ಸಿಪ್ಪೆ, ತೆಂಗಿನ ಗೆರಟೆ, ಮಳೆಗಾಲದಲ್ಲಿ ಕವುಚಿ ಇಡದ ರಬ್ಬರ್ ಹಾಲಿನ ಬಟ್ಟಲು – ಇವುಗಳಲ್ಲಿ ನಿಂತ ಒಂದು ಹಿಡಿ ನೀರು ಅದಕ್ಕೆ ಸಾಕು. ವಾರಕ್ಕೊಮ್ಮೆ ತೋಟ ಸುತ್ತಿ ಇವುಗಳ ನೀರು ಚೆಲ್ಲುವುದು ಗಂಟುನೋವಿನ ವಿರುದ್ಧ ನಾವು ಮಾಡಬಹುದಾದ ದೊಡ್ಡ ಕೃಷಿ ಕೆಲಸ.

ತಡಮಾಡಬಾರದ ಲಕ್ಷಣಗಳು

ಕೆಳಗಿನವು ಕಂಡುಬಂದರೆ ಮನೆಮದ್ದಿನಲ್ಲಿ ದಿನ ಕಳೆಯಬಾರದು.

1. ಒಂದೇ ಗಂಟು ಒಮ್ಮೆಲೇ ಊದಿ, ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿದ್ದು ಜ್ವರವೂ ಇದ್ದರೆ ಗಂಟಿನೊಳಗೆ ಕೀವು ಆಗಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

2. ಬಿದ್ದ ಮೇಲೆ ಕಾಲೂರಲು ಆಗದಿದ್ದರೆ ಎಲುಬು ಮುರಿದಿರಬಹುದು. ತಿಕ್ಕುವುದು, ಎಳೆಯುವುದು ಬೇಡ.

3. ಮಳೆಗಾಲದಲ್ಲಿ ಜ್ವರದೊಂದಿಗೆ ಮೀನಖಂಡದಲ್ಲಿ ಬಲವಾದ ನೋವು, ಕಣ್ಣು ಕೆಂಪಾಗುವುದು – ಗದ್ದೆ, ತೋಟದ ಕಣಿಯಲ್ಲಿ ದುಡಿದವರಿಗೆ ಇದು ಇಲಿಜ್ವರವಾಗಿರಬಹುದು. ಬೇಗ ಚಿಕಿತ್ಸೆ ಸಿಗದಿದ್ದರೆ ಪ್ರಾಣಾಪಾಯವಿದೆ.

4. ಕೈಬೆರಳುಗಳ ಊತ ಮತ್ತು ಒಂದು ಗಂಟೆ ಮೀರುವ ಬೆಳಗಿನ ಬಿಗಿತ ಆರು ವಾರದ ಬಳಿಕವೂ ಉಳಿದರೆ ಸಂಧಿವಾತದ ಪರೀಕ್ಷೆ ಮಾಡಿಸಲೇಬೇಕು.

ಕಾರಣ ತಿಳಿಯದ ಜ್ವರ ಮತ್ತು ಮೈಕೈ ನೋವಿಗೆ ಡೈಕ್ಲೊಫಿನ್ಯಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳನ್ನು ನಾವಾಗಿಯೇ ನುಂಗಬಾರದು. ಅದು ಡೆಂಗ್ಯೂ ಆಗಿದ್ದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ತೋಟ, ಹಟ್ಟಿ, ಅಡಿಗೆಮನೆಯಲ್ಲಿ

ಸವೆತದ ನೋವಿದ್ದವರು ದಿನದ ಕೆಲಸಗಳನ್ನು ಒಮ್ಮೆ ಪರಿಶೀಲಿಸಿ ನೋಡಬೇಕು. ಮೊಣಗಂಟಿಗೆ ಅತಿ ಹೆಚ್ಚು ಒತ್ತಡ ಬೀಳುವುದು ಅದನ್ನು ಪೂರ್ತಿ ಮಡಿಸಿ ಕುಕ್ಕರುಗಾಲಲ್ಲಿ ಕುಳಿತಾಗ, ಅಲ್ಲಿಂದ ಏಳುವಾಗ, ಮತ್ತು ಭಾರ ಹೊತ್ತು ಇಳಿಜಾರು ಇಳಿಯುವಾಗ. ಈ ಮೂರನ್ನು ಕಡಿಮೆ ಮಾಡಿದರೆ ಅರ್ಧ ಚಿಕಿತ್ಸೆ ಆದಂತೆ.

ಹಾಲು ಕರೆಯಲು, ಕಳೆ ಕೀಳಲು, ನೆಲದಲ್ಲಿ ಬಿದ್ದ ಅಡಿಕೆ ಹೆಕ್ಕಲು ಒಂದು ಗಟ್ಟಿ ಸ್ಟೂಲು ಬಳಸಿ. ಅಂಗಳದಲ್ಲಿ ಚೆಲ್ಲಿದ ಅಡಿಕೆಯನ್ನು ಹಲಗೆಯಿಂದ ಒಂದೆಡೆ ಎಳೆದು ರಾಶಿ ಮಾಡಿದರೆ ಬಗ್ಗುವುದು ಕಡಿಮೆ. ಅಡಿಕೆ ಸುಲಿಯುವ ಕತ್ತಿಯನ್ನು ನೆಲದ ಮಣೆಗೆ ಬದಲು ಎತ್ತರದ ಬೆಂಚಿಗೆ ಬಿಗಿದು, ಕಾಲು ಇಳಿಬಿಟ್ಟು ಕುಳಿತು ಸುಲಿಯಬಹುದು. ಅರ್ಧ ಗಂಟೆಗೊಮ್ಮೆ ಎದ್ದು ಹತ್ತು ಹೆಜ್ಜೆ ನಡೆಯಬೇಕು. ಹೆಚ್ಚು ಅಡಿಕೆ ಇರುವವರು ನೆರೆಯ ನಾಲ್ಕು ಮನೆಯವರು ಸೇರಿ ಸುಲಿಯುವ ಯಂತ್ರವನ್ನು ಬಾಡಿಗೆಗೆ ತರಿಸಬಹುದು. ಮರ ಹತ್ತುವುದನ್ನು ತಪ್ಪಿಸಲು ಹಗುರವಾದ ಕಾರ್ಬನ್ ಫೈಬರ್ ದೋಟಿಯೂ ಈಗ ಬಳಕೆಗೆ ಬಂದಿದೆ.

ಗೊಬ್ಬರ, ಸೊಪ್ಪು, ತೆಂಗಿನಕಾಯಿಯ ಬುಟ್ಟಿಯನ್ನು ಒಂದೇ ಸಲ ತುಂಬಿ ಹೊರುವ ಹಟ ಬೇಡ. ಎರಡು ಸಲ ಅರ್ಧರ್ಧ ಹೊರುವುದು ಲೇಸು. ದಾರಿ ಸಮವಾಗಿದ್ದರೆ ಕೈಗಾಡಿ ಇನ್ನೂ ಲೇಸು. ಅಗತೆ, ಬುಡ ಬಿಡಿಸುವಂಥ ಭಾರದ ಕೆಲಸವನ್ನು ಇಡೀ ದಿನ ಒಂದೇ ಬಾರಿಗೆ ಮುಗಿಸದೆ, ಹಗುರ ಕೆಲಸದೊಂದಿಗೆ ಬೆರೆಸಿ ಎರಡು ಮೂರು ದಿನಕ್ಕೆ ಹಂಚಿಕೊಳ್ಳಿ. ಪಾಚಿಗಟ್ಟಿದ ಮೆಟ್ಟಿಲಿಗೆ ಮಳೆಗಾಲಕ್ಕೆ ಮೊದಲೇ ಸುಣ್ಣದ ಪುಡಿ ಹಾಕಿ ಉಜ್ಜಿ, ಒಂದು ಬದಿಗೆ ಹಿಡಿಯಲು ಕೈಪಿಡಿ ಹಾಕಿಸಿದರೆ ಒಂದು ಜಾರಾಟ ತಪ್ಪೀತು.

ಮೆಟ್ಟಿಲಿಗೆ ಒಂದು ಸುಲಭ ಸೂತ್ರ: ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ. ಊರುಗೋಲನ್ನು ನೋವಿರುವ ಬದಿಯಲ್ಲಲ್ಲ, ಅದರ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಎತ್ತರಕ್ಕೆ ಕೋಲಿನ ಹಿಡಿ ಬರುವಂತಿರಲಿ. ಕೋಲು ಹಿಡಿಯಲು ನಾಚಿಕೆ ಬೇಡ. ಬಿದ್ದು ಸೊಂಟ ಮುರಿದುಕೊಂಡ ಮೇಲೆ ಬರುವ ಕಷ್ಟಕ್ಕೆ ಹೋಲಿಸಿದರೆ ಇದು ಏನೂ ಅಲ್ಲ.

ಅಡಿಗೆಮನೆಯಲ್ಲಿ ನೆಲದ ಮೆಟ್ಟುಕತ್ತಿಯ ಬದಲು ಮೇಜಿನ ಮೇಲೆ ಚೂರಿ, ಬಟ್ಟೆ ಒಗೆಯಲು ಸೊಂಟದ ಎತ್ತರದ ಕಲ್ಲು, ಪಾಯಖಾನೆಯಲ್ಲಿ ಕಮೋಡ್ ಅಥವಾ ಅದರ ಮೇಲಿಡುವ ಕುರ್ಚಿ – ಇವು ದುಂದು ಖರ್ಚುಗಳಲ್ಲ. ಕೈಬೆರಳು ನೋಯುವವರು ತುಂಬಿದ ಪಾತ್ರೆಯನ್ನು ಬೆರಳಿನಿಂದ ನೇತಾಡಿಸದೆ ಎರಡೂ ಅಂಗೈಗಳಿಂದ ಹಿಡಿಯಲಿ. ಚರ್ಚಿನಲ್ಲಿ ಮೊಣಕಾಲೂರಲು ಆಗದವರು ಸಂಕೋಚಪಡುವ ಅಗತ್ಯವಿಲ್ಲ. ಅನಾರೋಗ್ಯದವರಿಗೆ ಧರ್ಮಸಭೆಯ ನಿಯಮದಲ್ಲೇ ವಿನಾಯಿತಿ ಇದೆ.

ದಿನದ ವ್ಯಾಯಾಮ

"ದಿನವಿಡೀ ದುಡಿಯುವ ನಮಗೆ ವ್ಯಾಯಾಮ ಏಕೆ?" ಎಂದು ಕೇಳುವವರಿದ್ದಾರೆ. ತೋಟದ ದುಡಿಮೆಯಲ್ಲಿ ಬೆನ್ನು ಮತ್ತು ಕೈಗೆ ಕೆಲಸ ಸಿಗುತ್ತದೆ. ಮೊಣಗಂಟನ್ನು ಹಿಡಿದು ನಿಲ್ಲಿಸುವ ತೊಡೆಯ ಮುಂಭಾಗದ ಸ್ನಾಯುವಿಗೆ ಬೇಕಾದ ಕ್ರಮಬದ್ಧ ಕೆಲಸ ಸಿಗುವುದಿಲ್ಲ. ನೋವಿನಿಂದ ಕಾಲು ಎಳೆದು ನಡೆಯುವವರಲ್ಲಂತೂ ಆ ಸ್ನಾಯು ಬೇಗ ಸೊರಗುತ್ತದೆ. ಕೆಳಗಿನ ನಾಲ್ಕನ್ನು ದಿನಕ್ಕೆ ಎರಡು ಬಾರಿ ಮಾಡಿ ನೋಡಿ.

1. ಕಾಲು ಚಾಚಿ ಕುಳಿತು, ಮೊಣಗಂಟಿನ ಕೆಳಗೆ ಸುತ್ತಿದ ಟವೆಲ್ ಇಟ್ಟು, ಗಂಟಿನಿಂದ ಅದನ್ನು ಕೆಳಕ್ಕೆ ಒತ್ತಿ ಹಿಡಿಯಿರಿ. ಐದು ಎಣಿಸಿ ಬಿಡಿ. ಹತ್ತು ಸಲ.

2. ಅಂಗಾತ ಮಲಗಿ, ಒಂದು ಕಾಲು ಮಡಿಸಿ, ಇನ್ನೊಂದನ್ನು ನೇರವಾಗಿಟ್ಟು ಒಂದು ಅಡಿಯಷ್ಟು ಮೇಲೆತ್ತಿ. ಐದು ಎಣಿಸಿ ನಿಧಾನ ಇಳಿಸಿ. ಪ್ರತಿ ಕಾಲಿಗೆ ಹತ್ತು ಸಲ.

3. ಮಲಗಿದಲ್ಲೇ ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತ ಮೊಣಕಾಲನ್ನು ಆದಷ್ಟು ಮಡಿಸಿ, ಬಿಡಿಸಿ. ಹತ್ತು ಸಲ. ಬೆಳಿಗ್ಗೆ ಹಾಸಿಗೆ ಬಿಡುವ ಮೊದಲೇ ಇದನ್ನು ಮಾಡಿದರೆ ಬಿಗಿತ ಬೇಗ ಬಿಡುತ್ತದೆ.

4. ಗೋಡೆಗೆ ತಾಗಿಸಿಟ್ಟ ಗಟ್ಟಿ ಕುರ್ಚಿಯಿಂದ, ಸಾಧ್ಯವಾದರೆ ಕೈ ಊರದೆ, ನಿಧಾನವಾಗಿ ಎದ್ದು ನಿಧಾನವಾಗಿ ಕುಳಿತುಕೊಳ್ಳಿ. ಐದರಿಂದ ಆರಂಭಿಸಿ ಹತ್ತಕ್ಕೆ ಏರಿಸಿ.

ಇದರೊಂದಿಗೆ ಸಮತಟ್ಟು ದಾರಿಯಲ್ಲಿ ನಡಿಗೆ. ಹತ್ತು ನಿಮಿಷದಿಂದ ಆರಂಭಿಸಿ ಅರ್ಧ ಗಂಟೆಗೆ ಏರಿಸಬಹುದು. ವ್ಯಾಯಾಮದ ಹೊತ್ತಿನಲ್ಲಿ ಸ್ವಲ್ಪ ನೋವಾದರೆ ಹೆದರಬೇಕಾಗಿಲ್ಲ. ಆದರೆ ಹೆಚ್ಚಿದ ನೋವು ಮಾರನೆಯ ಬೆಳಿಗ್ಗೆಗೂ ಉಳಿದರೆ ಅಳತೆ ಮೀರಿತೆಂದು ತಿಳಿದು ಕಡಿಮೆ ಮಾಡಿ. ಫಲ ಕಾಣಲು ಆರರಿಂದ ಎಂಟು ವಾರ ಬೇಕು. ಇಂದು ನೆಟ್ಟ ಸಸಿ ನಾಳೆ ಫಲ ಕೊಡುವುದಿಲ್ಲವಷ್ಟೆ.

ತೂಕ ಮತ್ತು ಊಟ

ಅಮೆರಿಕದಲ್ಲಿ ಮೊಣಗಂಟು ಸವೆದ ಹಿರಿಯರನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನೆನಪಿಡಬೇಕಾದದ್ದು. ದೇಹದ ತೂಕ ಒಂದು ಕಿಲೋ ಇಳಿದರೆ, ಪ್ರತಿ ಹೆಜ್ಜೆಗೆ ಮೊಣಗಂಟಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಎಂದು ಅದು ತೋರಿಸಿತು. ಐದು ಕಿಲೋ ಇಳಿಸಿದವರು ಪ್ರತಿ ಹೆಜ್ಜೆಗೂ ಇಪ್ಪತ್ತು ಕಿಲೋ ಭಾರವನ್ನು ಇಳಿಸಿಟ್ಟಂತೆ!

ಇದಕ್ಕೆ ಉಪವಾಸ ಬೇಡ. ಅನ್ನವನ್ನು ಒಂದು ಸೌಟು ಕಡಿಮೆ ಮಾಡಿ, ಪಲ್ಯ, ಸೊಪ್ಪು, ಹೆಸರು, ಹುರುಳಿ ಹೆಚ್ಚಿಸಿ. ದಿನಕ್ಕೆ ಐದು ಲೋಟ ಚಹಾ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ ತಿಂಗಳಿಗೆ ಒಬ್ಬರಿಗೇ ಒಂದು ಕಿಲೋಗಿಂತ ಹೆಚ್ಚು ಸಕ್ಕರೆ. ಅದನ್ನು ಅರ್ಧಕ್ಕೆ ಇಳಿಸುವುದು ಕಷ್ಟವೇನಲ್ಲ. ಸವೆತದ ನೋವಿಗೆ ಹುಳಿ, ಬದನೆ, ಟೊಮೆಟೊ ಬಿಡಬೇಕೆಂಬ ನಂಬಿಕೆಗೆ ಗಟ್ಟಿ ಆಧಾರವಿಲ್ಲ. ಗೌಟ್ ಇರುವವರು ಮಾತ್ರ ಮದ್ಯವನ್ನು ಬಿಟ್ಟು, ಪಿತ್ತಜನಕಾಂಗದಂಥ ಒಳಮಾಂಸ, ಬೂತಾಯಿ, ಸಿಗಡಿಗಳನ್ನು ಮಿತಗೊಳಿಸಬೇಕು. ನೀರು ಚೆನ್ನಾಗಿ ಕುಡಿಯಬೇಕು.

ಶಾಖ, ತಂಪು, ಎಣ್ಣೆ

ಬಿಗಿತಕ್ಕೆ ಶಾಖ ಒಳ್ಳೆಯದು. ಹಂಡೆಯ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹತ್ತು ಹದಿನೈದು ನಿಮಿಷ ಇಡಬಹುದು. ಹೆಚ್ಚು ದುಡಿದ ದಿನ ಸಂಜೆ ಗಂಟು ಬಿಸಿಯಾಗಿ ಊದಿದ್ದರೆ ಶಾಖ ಬೇಡ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ. ಸಕ್ಕರೆ ಕಾಯಿಲೆಯವರಿಗೆ ಕಾಲಿನ ಸ್ಪರ್ಶಜ್ಞಾನ ಕಡಿಮೆಯಿರಬಹುದು. ಆದುದರಿಂದ ಶಾಖದ ಬಿಸಿಯನ್ನು ಮನೆಯ ಇನ್ನೊಬ್ಬರು ಕೈಯಲ್ಲಿ ಮುಟ್ಟಿ ನೋಡಲಿ. ಎಣ್ಣೆ ಹಚ್ಚಿ ಹಗುರಾಗಿ ತಿಕ್ಕುವುದರಿಂದ ಸ್ನಾಯು ಸಡಿಲಗೊಂಡು ಹಿತವಾಗುತ್ತದೆ. ಸವೆದ ಮೃದ್ವಸ್ಥಿ ಅದರಿಂದ ಬೆಳೆಯುವುದಿಲ್ಲ. ಕೆಂಪಾಗಿ ಊದಿದ ಗಂಟನ್ನು ತಿಕ್ಕಲೇಬಾರದು.

ಮಾತ್ರೆಗಳ ವಿಷಯದಲ್ಲಿ ಎಚ್ಚರ

ಈ ಲೇಖನದಲ್ಲಿ ಬೇರೇನನ್ನು ಮರೆತರೂ ಇದನ್ನು ಮರೆಯಬೇಡಿ. ಡೈಕ್ಲೊಫಿನ್ಯಾಕ್, ಅಸಿಕ್ಲೊಫಿನ್ಯಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ತಿಂಗಳುಗಟ್ಟಲೆ ನುಂಗಿದರೆ ಜಠರದಲ್ಲಿ ಹುಣ್ಣಾಗಿ ರಕ್ತ ಸೋರಬಹುದು. ಮಲ ಡಾಂಬರಿನಂತೆ ಕಪ್ಪಾದರೆ ಅದು ಅಪಾಯದ ಗುರುತು. ರಕ್ತದೊತ್ತಡ ಏರುತ್ತದೆ. ಮೂತ್ರಪಿಂಡ ಸದ್ದಿಲ್ಲದೆ ಕೆಡಬಹುದು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗ ಇರುವವರಿಗೆ ಅಪಾಯ ಇನ್ನೂ ಹೆಚ್ಚು. ಬಿಸಿಲಲ್ಲಿ ದುಡಿದು, ನೀರು ಕುಡಿಯದೆ, ಮೇಲಿಂದ ಈ ಮಾತ್ರೆ ನುಂಗುವುದು ಮೂತ್ರಪಿಂಡಕ್ಕೆ ಎರಡೇಟು. ಮೊಣಗಂಟು ಮತ್ತು ಕೈಗಂಟಿನ ನೋವಿಗೆ ಇದೇ ಔಷಧ ಹಚ್ಚುವ ಮುಲಾಮಿನ ರೂಪದಲ್ಲಿ ಸಿಗುತ್ತದೆ. ಅದರಿಂದ ಒಳಗಿನ ಅಂಗಗಳಿಗೆ ತೊಂದರೆ ಬಹಳ ಕಡಿಮೆ. ಮೊದಲು ಅದನ್ನು ಕೇಳಿ ನೋಡಿ.

ಹೆಸರಿಲ್ಲದ ಪೊಟ್ಟಣದ ಪುಡಿ, ಬಣ್ಣದ ಮಾತ್ರೆ ತಿಂದ ಎರಡೇ ದಿನದಲ್ಲಿ ನೋವು ಮಾಯವಾದರೆ ಸಂತೋಷಪಡುವ ಮೊದಲು ಸಂಶಯಪಡಿ. ಅದರಲ್ಲಿ ಸ್ಟಿರಾಯ್ಡ್ ಬೆರೆಸಿರಬಹುದು. ಮುಖ ಊದುವುದು, ಸಕ್ಕರೆ ಕಾಯಿಲೆ ಏರುವುದು, ಎಲುಬು ಟೊಳ್ಳಾಗುವುದು ಅದರ ಪರಿಣಾಮಗಳು. ತಿಂಗಳುಗಟ್ಟಲೆ ತಿಂದವರು ಅದನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಆ ಪೊಟ್ಟಣವನ್ನೇ ಕೈಯಲ್ಲಿ ಹಿಡಿದು ಡಾಕ್ಟರರ ಬಳಿ ಹೋಗಿ, ಮುಚ್ಚುಮರೆಯಿಲ್ಲದೆ ಹೇಳಿ.

ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ವಾರಕ್ಕೆ ಒಂದು ದಿನ ಮಾತ್ರ ಸೇವಿಸುವಂಥದು. ಮರೆತು ದಿನವೂ ನುಂಗಿದರೆ ಜೀವಕ್ಕೇ ಅಪಾಯ. ಯಾವ ವಾರವೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟು, ಮನೆಯ ಇನ್ನೊಬ್ಬರಿಗೂ ತಿಳಿಸಿಡಿ. ಈ ಔಷಧ ಸೇವಿಸುವವರು ಮದ್ಯವನ್ನು ದೂರವಿಡಬೇಕು, ಗರ್ಭಿಣಿಯರು ಸೇವಿಸಲೇಬಾರದು, ಕಾಲಕಾಲಕ್ಕೆ ರಕ್ತಪರೀಕ್ಷೆ ತಪ್ಪಿಸಬಾರದು.

ಶಸ್ತ್ರಚಿಕಿತ್ಸೆ ಯಾವಾಗ?

ಎಕ್ಸರೇಯಲ್ಲಿ ಸವೆತ ಕಂಡ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ಬೇಕೆಂದಿಲ್ಲ. ಚಿತ್ರದಲ್ಲಿ ಹೆಚ್ಚು ಸವೆದವರು ಆರಾಮವಾಗಿ ನಡೆಯುವುದೂ ಇದೆ. ವ್ಯಾಯಾಮ, ತೂಕ ಇಳಿಕೆ, ಔಷಧ ಎಲ್ಲವನ್ನೂ ಸರಿಯಾಗಿ ಮಾಡಿದ ಮೇಲೂ ರಾತ್ರಿ ನಿದ್ದೆ ಬಾರದಷ್ಟು ನೋವು, ಮನೆಯೊಳಗೆ ನಡೆಯಲೂ ಆಗದ ಸ್ಥಿತಿ ಇದ್ದರೆ ಕೀಲು ಬದಲಾವಣೆಯ ಬಗ್ಗೆ ಯೋಚಿಸಬಹುದು. ಕೃತಕ ಮೊಣಗಂಟಿನ ಗರಿಷ್ಠ ಬೆಲೆಯನ್ನು ಕೇಂದ್ರ ಸರಕಾರ 2017ರ ಆಗಸ್ಟಿನಲ್ಲಿ ನಿಗದಿಪಡಿಸಿತು. ಆರೋಗ್ಯ ವಿಮೆಯ ಕಾರ್ಡ್ ಇರುವವರು ಯಾವ ಆಸ್ಪತ್ರೆಯಲ್ಲಿ ಎಷ್ಟು ಸಿಗುತ್ತದೆಂದು ಮೊದಲೇ ವಿಚಾರಿಸಿಕೊಳ್ಳಿ. ಸಾಲ ಮಾಡಿ ತೋಟ ಅಡವಿಡುವ ಮೊದಲು ಎರಡನೆಯ ಡಾಕ್ಟರರ ಅಭಿಪ್ರಾಯ ಕೇಳುವುದು ತಪ್ಪಲ್ಲ.

ಮನೆಮಂದಿಗೆ ಒಂದು ಮಾತು

ನಲ್ವತ್ತು ವರ್ಷ ತೋಟ ನೋಡಿಕೊಂಡವರಿಗೆ "ಇನ್ನು ಏನೂ ಮಾಡಬೇಡಿ" ಎನ್ನುವುದು ಪ್ರೀತಿಯ ಮಾತೇ ಇರಬಹುದು. ಆದರೆ ಅದು ಅವರನ್ನು ಮಂಚಕ್ಕೆ ಕಟ್ಟಿಹಾಕುತ್ತದೆ. ಅವರಿಗೆ ಆಗುವ ಕೆಲಸವನ್ನು ಅವರಿಗೇ ಬಿಡಿ: ಬೆಂಚಿನಲ್ಲಿ ಕುಳಿತು ಅಡಿಕೆ ಹೆರೆಯಲಿ, ಕರಿಮೆಣಸು ಹೆಕ್ಕಲಿ, ಸಂಜೆ ತೋಟದ ಸಮದಾರಿಯಲ್ಲಿ ಒಂದು ಸುತ್ತು ಬರಲಿ. ಭಾರ ಹೊರುವುದನ್ನು ಮಾತ್ರ ಎಳೆಯರು ವಹಿಸಿಕೊಳ್ಳಲಿ. ಮನೆಯ ಹೆಂಗಸರ ನೋವು ಸಾಮಾನ್ಯವಾಗಿ ಕೊನೆಗೆ ಬೆಳಕಿಗೆ ಬರುತ್ತದೆ. ತಾಯಿ, ಅತ್ತೆ, ಅಕ್ಕ ಬೆಳಿಗ್ಗೆ ಲೋಟ ಹಿಡಿಯಲು ಕಷ್ಟಪಡುತ್ತಿದ್ದಾರೆಯೇ ಎಂದು ಒಮ್ಮೆ ಗಮನಿಸಿ. ಅವರ ಬೆರಳುಗಳನ್ನು ಉಳಿಸಲು ಆ ಒಂದು ನೋಟವೇ ಸಾಕಾದೀತು.

ಈ ವಾರ ಮಾಡಬೇಕಾದದ್ದು ಇಷ್ಟು: ಮನೆಗೆ ಒಂದು ಗಟ್ಟಿ ಸ್ಟೂಲು ತನ್ನಿ. ನಾಲ್ಕು ವ್ಯಾಯಾಮಗಳನ್ನು ಆರಂಭಿಸಿ. ಮನೆಯಲ್ಲಿರುವ ನೋವಿನ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ, ಮುಂದಿನ ಸಲ ಆರೋಗ್ಯ ಕೇಂದ್ರಕ್ಕೆ ಹೋಗುವಾಗ ಡಾಕ್ಟರರಿಗೆ ತೋರಿಸಿ. ತೋಟದ ಹಾಳೆ, ಗೆರಟೆಗಳ ನೀರು ಚೆಲ್ಲಿ. ಗಂಟು ಸವೆದಿರಬಹುದು, ಆದರೆ ದುಡಿಯುವ ದಿನಗಳು ಮುಗಿದಿಲ್ಲ.